ಪಿಎಚ್.ಡಿ. ನಂತರದ ಸಂಶೋಧನಾ ಹುದ್ದೆ: ಪ್ರಕಟಣೆ ಹೇಳದೆ ಬಿಡುವ ಸಂಗತಿಗಳು

ಪಿಎಚ್.ಡಿ. ಮುಗಿಸಿದ ವಿಜ್ಞಾನ ವಿದ್ಯಾರ್ಥಿಯ ಮುಂದಿನ ಹೆಜ್ಜೆ ಯಾವುದು? ಅಧ್ಯಾಪಕ ಹುದ್ದೆ ಎಂದು ನಮ್ಮಲ್ಲಿ ಬಹುಮಂದಿ ಥಟ್ಟನೆ ಉತ್ತರಿಸುತ್ತಾರೆ. ಆದರೆ ಈ ಎರಡರ ನಡುವೆ ಇನ್ನೊಂದು ಮೆಟ್ಟಿಲಿದೆ. ಎರಡು ಮೂರು ವರ್ಷಗಳ ಕಾಲ, ಬೇರೊಂದು ಸಂಸ್ಥೆಯಲ್ಲಿ, ಬೇರೊಬ್ಬ ವಿಜ್ಞಾನಿಯ ಜೊತೆ, ಪೂರ್ಣಾವಧಿ ಸಂಶೋಧನೆ ನಡೆಸುವ ತಾತ್ಕಾಲಿಕ ಹುದ್ದೆ ಅದು. ಪೋಸ್ಟ್‌ಡಾಕ್ ಎಂಬ ಹೆಸರಿನಿಂದಲೇ ಅದು ನಮ್ಮಲ್ಲೂ ಪರಿಚಿತ.

ಈ ಹುದ್ದೆಯನ್ನು ಹುಡುಕುವ ದಾರಿ ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಎಷ್ಟರ ಮಟ್ಟಿಗೆ ತೆರೆದಿದೆ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ. ನನ್ನ ಮುಖ್ಯ ಆಕ್ಷೇಪವನ್ನು ಮೊದಲೇ ಹೇಳಿಬಿಡುತ್ತೇನೆ. ಪೋಸ್ಟ್‌ಡಾಕ್ ಹುದ್ದೆಯ ಪ್ರಕಟಣೆಗಳು ಅರ್ಹತೆ, ವಯಸ್ಸು, ಕೊನೆಯ ದಿನಾಂಕ ಇವನ್ನು ಹೇಳುತ್ತವೆ. ಹುದ್ದೆ ಸಿಗುವುದು ಮಾತ್ರ ಪ್ರಕಟಣೆಗೆ ಎಷ್ಟೋ ತಿಂಗಳ ಮೊದಲೇ ಆರಂಭವಾಗಿರುವ ಒಂದು ಪತ್ರವ್ಯವಹಾರದಿಂದ. ದೊಡ್ಡ ಸಂಸ್ಥೆಗಳಲ್ಲಿ ಓದಿದವರಿಗೆ ಈ ಸಂಗತಿ ಸಹಪಾಠಿಗಳ ಬಾಯಿಂದ ತಾನಾಗಿಯೇ ತಿಳಿಯುತ್ತದೆ. ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಸ್ಪರ್ಧೆ ಶುರುವಾಗುವ ಮೊದಲೇ ಆತ ಒಂದು ವರ್ಷ ಹಿಂದೆ ಬಿದ್ದಿರುತ್ತಾನೆ.

ಈ ಮೆಟ್ಟಿಲು ಏಕೆ ಬೇಕು?

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1876ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸಂಶೋಧಕರಿಗೆ ಫೆಲೋಶಿಪ್‌ಗಳನ್ನು ನೀಡತೊಡಗಿತು. ಅವನ್ನು ಪಡೆದವರಲ್ಲಿ ಆಗಲೇ ಡಾಕ್ಟರೇಟ್ ಇದ್ದವರೂ ಇದ್ದರು. 1919ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಭೌತವಿಜ್ಞಾನ ಮತ್ತು ರಸಾಯನವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರಿಗಾಗಿಯೇ ಫೆಲೋಶಿಪ್ ಆರಂಭಿಸಿತು. ಇಂದಿನ ಪೋಸ್ಟ್‌ಡಾಕ್ ವ್ಯವಸ್ಥೆ ಬೆಳೆದದ್ದು ಈ ಬೇರಿನಿಂದ.

ಇದರ ಪ್ರಯೋಜನಕ್ಕೆ ಹೈಸನ್‌ಬರ್ಗ್ ಒಳ್ಳೆಯ ಉದಾಹರಣೆ. 1923ರಲ್ಲಿ ಮ್ಯೂನಿಕ್‌ನಲ್ಲಿ ಅವರು ಡಾಕ್ಟರೇಟ್ ಪಡೆದ ವಿಷಯ ದ್ರವಪ್ರವಾಹದ ಪ್ರಕ್ಷುಬ್ಧತೆ. ಅನಂತರ ಗಟಿಂಗೆನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರ ಸಹಾಯಕರಾದರು. 1924-25ರಲ್ಲಿ ರಾಕ್‌ಫೆಲರ್ ನೆರವಿನಿಂದ ಕೋಪನ್‌ಹೇಗನ್‌ಗೆ ಹೋಗಿ ನೀಲ್ಸ್ ಬೋರ್ ಅವರೊಡನೆ ಕೆಲಸ ಮಾಡಿದರು. ಕ್ವಾಂಟಂ ಮೆಕ್ಯಾನಿಕ್ಸ್‌ಗೆ ತಳಹದಿ ಹಾಕಿದ ಅವರ ಲೇಖನ ಬಂದದ್ದು 1925ರಲ್ಲಿ. ಪ್ರತಿಭೆ ಅವರದೇ, ನಿಜ. ಆದರೆ ಮ್ಯೂನಿಕ್‌ನ ವಿಷಯವನ್ನು ಬಿಟ್ಟು ಬೇರೆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಅವರಿಗೆ ಜಾಗ ಮತ್ತು ಜೊತೆ ದೊರೆತದ್ದು ಈ ಎರಡು ವರ್ಷಗಳಲ್ಲಿ. ನಮ್ಮವರೇ ಆದ ಸಿ.ಎನ್.ಆರ್. ರಾವ್ ಅವರನ್ನು ನೋಡಿ. 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಅವರು ಬರ್ಕ್ಲಿಯಲ್ಲಿ ಸಂಶೋಧನೆ ನಡೆಸಿ, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಪಿಎಚ್.ಡಿ.ಯಲ್ಲಿ ಸಮಸ್ಯೆಯನ್ನು ಸಾಮಾನ್ಯವಾಗಿ ಮಾರ್ಗದರ್ಶಕರು ಕೊಡುತ್ತಾರೆ. ಪೋಸ್ಟ್‌ಡಾಕ್ ಅವಧಿಯಲ್ಲಿ ಸಮಸ್ಯೆಯನ್ನು ಆಯ್ದುಕೊಳ್ಳಲು ನೀವೇ ಕಲಿಯಬೇಕು. ಇದು ಹೆಚ್ಚುವರಿ ಪದವಿಯೂ ಅಲ್ಲ, ಕೆಲಸ ಸಿಗುವವರೆಗೆ ಕಾಯುವ ನಿಲ್ದಾಣವೂ ಅಲ್ಲ. ಸ್ವತಂತ್ರ ಸಂಶೋಧಕನಾಗುವ ತರಬೇತಿ.

ನಾಲ್ಕು ಬಾಗಿಲುಗಳು

ನಮ್ಮ ವಿದ್ಯಾರ್ಥಿಗಳ ಮುಂದೆ ಇರುವ ದಾರಿಗಳು ಸ್ಥೂಲವಾಗಿ ನಾಲ್ಕು.

ಮೊದಲನೆಯದು, ಪ್ರಾಧ್ಯಾಪಕರೊಬ್ಬರಿಗೆ ಮಂಜೂರಾದ ಸಂಶೋಧನಾ ಯೋಜನೆಯಲ್ಲಿ ರಿಸರ್ಚ್ ಅಸೋಸಿಯೇಟ್ ಹುದ್ದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರ ಜನವರಿ 1ರಿಂದ ಜಾರಿಗೆ ತಂದ ದರಗಳಂತೆ ಇದರ ಮೂರು ಹಂತಗಳಿಗೆ ತಿಂಗಳಿಗೆ ರೂ. 58,000, 61,000 ಮತ್ತು 67,000. ಮನೆ ಬಾಡಿಗೆ ಭತ್ಯೆ ಬೇರೆ.

ಎರಡನೆಯದು ರಾಷ್ಟ್ರೀಯ ಫೆಲೋಶಿಪ್. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಎರಡು ವರ್ಷಗಳ ಅವಧಿಯ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ನಡೆಸುತ್ತಿತ್ತು. 2023ರ ಕಾಯಿದೆಯ ಮೂಲಕ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕೈಗೆ ಈಗ ಆ ಹೊಣೆ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಡಾ. ರಾಧಾಕೃಷ್ಣನ್ ಹೆಸರಿನಲ್ಲಿ 900 ಫೆಲೋಶಿಪ್‌ಗಳನ್ನು ಪ್ರಕಟಿಸಿತು. ಅವುಗಳಲ್ಲಿ ಶೇಕಡ 30 ಮಹಿಳೆಯರಿಗೆ; ತಿಂಗಳಿಗೆ ರೂ. 50,000.

ಮೂರನೆಯದು, ಸಂಸ್ಥೆಗಳೇ ತಮ್ಮ ಹಣದಿಂದ ನೀಡುವ ಹುದ್ದೆಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಫೆಲೋಶಿಪ್ ಇಂಥದು. ಬೆಂಗಳೂರಿನ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವುಗಳ ಜಾಲತಾಣಗಳನ್ನೂ ನೋಡುತ್ತಿರಬೇಕು.

ನಾಲ್ಕನೆಯದು ವಿದೇಶ. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನ, ಯೂರೋಪಿನ ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಫೆಲೋಶಿಪ್, ಜಪಾನಿನ ಜೆಎಸ್‌ಪಿಎಸ್ ಇವು ಪ್ರಸಿದ್ಧ. ಇವಲ್ಲದೆ ಆಯಾ ವಿಶ್ವವಿದ್ಯಾಲಯಗಳ ಸಂಶೋಧನಾ ತಂಡಗಳು ನೇರವಾಗಿ ತುಂಬುವ ಹುದ್ದೆಗಳಿವೆ.

ಈಗ ಗಮನಿಸಿ. ಮೊದಲ ಬಾಗಿಲಲ್ಲಿ ಹಣ ಪ್ರಾಧ್ಯಾಪಕರ ಬಳಿ ಇದೆ, ಅವರು ವ್ಯಕ್ತಿಯನ್ನು ಹುಡುಕುತ್ತಿದ್ದಾರೆ. ಫೆಲೋಶಿಪ್‌ಗಳಲ್ಲಿ ಸ್ಥಿತಿ ತಿರುವುಮುರುವು. ಹಣವನ್ನು ನೀವು ಗೆದ್ದು ತರಬೇಕು. ಅದಕ್ಕೂ ಮೊದಲು ನಿಮ್ಮನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳಲು ಒಬ್ಬರು ಒಪ್ಪಿರಬೇಕು. ನ್ಯಾಷನಲ್ ಪೋಸ್ಟ್‌ಡಾಕ್ ಆಗಲಿ, ಹಂಬೋಲ್ಟ್ ಆಗಲಿ, ಮೇರಿ ಕ್ಯೂರಿ ಆಗಲಿ, ಆತಿಥೇಯ ವಿಜ್ಞಾನಿಯ ಒಪ್ಪಿಗೆ ಇಲ್ಲದೆ ಅರ್ಜಿಯೇ ಪೂರ್ಣವಾಗದು. ಆ ಒಪ್ಪಿಗೆ ಪಡೆದು, ಇಬ್ಬರೂ ಸೇರಿ ಸಂಶೋಧನಾ ಪ್ರಸ್ತಾವ ಬರೆಯಲು ಎರಡು ಮೂರು ತಿಂಗಳಾದರೂ ಬೇಕು. ಮೇರಿ ಕ್ಯೂರಿ ಫೆಲೋಶಿಪ್‌ನ ಅರ್ಜಿ ಸೆಪ್ಟೆಂಬರಿನಲ್ಲಿ ಮುಗಿದರೆ ಫಲಿತಾಂಶ ಬರುವುದು ಮುಂದಿನ ಫೆಬ್ರುವರಿಯ ಹೊತ್ತಿಗೆ. ಮೊದಲ ಪತ್ರ ಬರೆದಂದಿನಿಂದ ಕೆಲಸಕ್ಕೆ ಸೇರುವವರೆಗೆ ಒಂದು ವರ್ಷ ಹಿಡಿಯುತ್ತದೆ ಎಂದಾಯಿತು. ವೈವಾ ಮುಗಿದ ಮೇಲೆ ಹುಡುಕಲು ಕುಳಿತವನು ಆ ವರ್ಷವನ್ನು ಅತಿಥಿ ಉಪನ್ಯಾಸಕನಾಗಿ ಕಳೆಯುತ್ತಾನೆ. ವಾರಕ್ಕೆ ಇಷ್ಟು ತರಗತಿ ಎಂಬ ಲೆಕ್ಕದಲ್ಲಿ ಪ್ರಯೋಗಾಲಯ ದೂರವಾಗುತ್ತದೆ. ಅನೇಕರು ಮರಳಿ ಬರುವುದೇ ಇಲ್ಲ.

ಒಂದು ಪ್ರಕಟಣೆಯ ಪರಿಶೀಲನೆ

ಮೊದಲ ಬಾಗಿಲಿಗೆ ಹಿಂದಿರುಗೋಣ. ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ನಮ್ಮ ವಿಶ್ವವಿದ್ಯಾಲಯಗಳು ಹೊರಡಿಸುವ ಪ್ರಕಟಣೆಯನ್ನು ಒಂದು ಬರಹವೆಂದು ಭಾವಿಸಿ ಓದಿ ನೋಡಿ. ಹುದ್ದೆ ಸಂಪೂರ್ಣ ತಾತ್ಕಾಲಿಕ, ಯೋಜನೆ ಮುಗಿದೊಡನೆ ಹುದ್ದೆಯೂ ಮುಗಿಯುತ್ತದೆ, ಕಾಯಂಗೊಳಿಸಲು ಹಕ್ಕು ಇರುವುದಿಲ್ಲ, ಪ್ರಯಾಣ ಭತ್ಯೆ ಇಲ್ಲ, ಮೂಲ ಪ್ರಮಾಣಪತ್ರಗಳೊಡನೆ ಇಂಥ ದಿನ ಬೆಳಿಗ್ಗೆ ನೇರ ಸಂದರ್ಶನಕ್ಕೆ ಹಾಜರಾಗತಕ್ಕದ್ದು. ಯೋಜನೆಯ ಶೀರ್ಷಿಕೆ ಒಂದು ಸಾಲಿನಲ್ಲಿ ಬಂದಿರುತ್ತದೆ. ಸಮಸ್ಯೆ ಏನು, ಯಾವ ಉಪಕರಣಗಳಿವೆ, ಯೋಜನೆಯಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ, ಅಭ್ಯರ್ಥಿಗೆ ಯಾವ ಕೌಶಲ ಇರಬೇಕು ಎಂಬುದರ ಬಗ್ಗೆ ಒಂದು ಮಾತೂ ಇರುವುದಿಲ್ಲ. ನಿಷೇಧಗಳು ಹತ್ತು ಸಾಲು, ವಿಜ್ಞಾನ ಒಂದು ಸಾಲು.

ಇದಕ್ಕೆ ಕಾರಣವಿದೆ. ಪ್ರಕಟಣೆಯ ನಮೂನೆ ಆಡಳಿತ ವಿಭಾಗದ್ದು. ಮುಂದೆ ಯಾರೂ ನ್ಯಾಯಾಲಯಕ್ಕೆ ಹೋಗಬಾರದು ಎಂಬ ಎಚ್ಚರಿಕೆಯಿಂದ ಬರೆದದ್ದು. ಅನುದಾನವೂ ಅನೇಕ ವೇಳೆ ತಡವಾಗಿ ಬರುತ್ತದೆ. ಮಾರ್ಚ್ 31ರೊಳಗೆ ಖರ್ಚು ತೋರಿಸುವ ಒತ್ತಡ ಬೇರೆ. ಹೀಗಾಗಿ ಹದಿನೈದು ದಿನಗಳ ಗಡುವಿನಲ್ಲಿ ಅವಸರದ ನೇಮಕ ನಡೆಯುತ್ತದೆ. ಪ್ರಾಧ್ಯಾಪಕರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ.

ಕಾರಣ ಏನೇ ಇರಲಿ, ಪರಿಣಾಮವನ್ನು ನೋಡಿ. ನೇರ ಸಂದರ್ಶನದ ಈ ಕ್ರಮ ಸಮೀಪದಲ್ಲಿ ವಾಸಿಸುವವರನ್ನು ಆರಿಸುತ್ತದೆಯೇ ಹೊರತು ಆ ಸಮಸ್ಯೆಗೆ ತಕ್ಕವರನ್ನಲ್ಲ. ಕಲಬುರಗಿಯ ಅಭ್ಯರ್ಥಿ ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಸ್ವಂತ ಖರ್ಚಿನಲ್ಲಿ ರಾತ್ರಿ ಪ್ರಯಾಣ ಮಾಡಿ ಬರಬೇಕು, ಅದೂ ತನಗೆ ಒಗ್ಗುವ ಕೆಲಸವೇ ಎಂದು ತಿಳಿಯದೆ. ಬರದಿದ್ದರೆ ಆಸಕ್ತಿ ಇಲ್ಲವೆಂದು ಅರ್ಥ. ಕೊನೆಗೆ ಅದೇ ವಿಭಾಗದ, ಅದೇ ಮಾರ್ಗದರ್ಶಕರ ವಿದ್ಯಾರ್ಥಿ ಆಯ್ಕೆಯಾಗುತ್ತಾನೆ. ಸ್ಥಳ ಮತ್ತು ಸಮಸ್ಯೆ ಬದಲಾಗಬೇಕು ಎಂಬ ಪೋಸ್ಟ್‌ಡಾಕ್‌ನ ಮೂಲ ಉದ್ದೇಶವೇ ಹೀಗೆ ಬಿದ್ದುಹೋಗುತ್ತದೆ. 2020ರ ನಂತರ ವಿಡಿಯೊ ಮೂಲಕ ಸಂದರ್ಶನ ಎಲ್ಲರಿಗೂ ರೂಢಿಯಾಗಿದೆ. ಆದರೂ ಪ್ರಕಟಣೆಯ ನಮೂನೆ ಬದಲಾಗಿಲ್ಲ ಎಂಬುದು ಸೋಜಿಗ.

ವಿಷಯಕ್ಕೊಂದು ಸಂತೆ

ಹೊರದೇಶಗಳಲ್ಲಿ ಎಲ್ಲವೂ ಸುಸೂತ್ರ ಎಂದು ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪೋಸ್ಟ್‌ಡಾಕ್‌ಗಳು ಸಂಘ ಕಟ್ಟಿಕೊಂಡು, 2010ರಲ್ಲಿ ಮೊದಲ ಒಪ್ಪಂದ ಪಡೆದು, 2022ರಲ್ಲಿ ವೇತನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಆದರೆ ಮಾಹಿತಿಯನ್ನು ಹಂಚುವುದರಲ್ಲಿ ಕೆಲವು ವಿಷಯಗಳವರು ಮಾದರಿ ಕ್ರಮಗಳನ್ನು ರೂಪಿಸಿಕೊಂಡಿದ್ದಾರೆ.

ಖಗೋಳವಿಜ್ಞಾನದಲ್ಲಿ ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿ ನಡೆಸುವ ಉದ್ಯೋಗ ಪಟ್ಟಿಯಲ್ಲಿ ಪ್ರಪಂಚದ ನಾನಾ ಕಡೆಯ ಹುದ್ದೆಗಳು ಒಂದೆಡೆ ಸಿಗುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅರ್ಜಿಗಳ ಸುಗ್ಗಿ. ಆಯ್ಕೆಯಾದವರನ್ನು ಫೆಬ್ರುವರಿ 15ಕ್ಕಿಂತ ಮೊದಲು ಉತ್ತರ ಕೊಡಲೇಬೇಕೆಂದು ಒತ್ತಾಯಿಸಬಾರದು ಎಂಬುದು ಆ ಸೊಸೈಟಿಯ ನೀತಿ. ಅಭ್ಯರ್ಥಿ ಎರಡು ಮೂರು ಅವಕಾಶಗಳನ್ನು ತೂಗಿ ನೋಡಲಿ ಎಂಬುದು ಇದರ ಹಿಂದಿನ ಆಲೋಚನೆ. ಕಣ ಭೌತವಿಜ್ಞಾನದ ಹುದ್ದೆಗಳು ಇನ್‌ಸ್ಪೈರ್-ಹೆಪ್ ಎಂಬ ಜಾಲತಾಣದಲ್ಲಿ ಪ್ರಕಟವಾಗುತ್ತವೆ (ನಮ್ಮ ಸರ್ಕಾರದ ಇನ್‌ಸ್ಪೈರ್ ಯೋಜನೆಗೂ ಇದಕ್ಕೂ ಸಂಬಂಧವಿಲ್ಲ). ಯೂರೋಪಿನ ಹುದ್ದೆಗಳಿಗೆ ಯುರಾಕ್ಸೆಸ್ ಎಂಬ ತಾಣವಿದೆ.

ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಬಹಳ ಮಂದಿ ಸಂಶೋಧನೆ ನಡೆಸುವುದು ಘನಸ್ಥಿತಿ ಭೌತವಿಜ್ಞಾನ, ಪದಾರ್ಥವಿಜ್ಞಾನ, ನ್ಯಾನೊ ಕಣಗಳು ಇಂಥ ಪ್ರಾಯೋಗಿಕ ಕ್ಷೇತ್ರಗಳಲ್ಲಿ. ಇಲ್ಲಿ ಒಂದೇ ಪಟ್ಟಿ ಇಲ್ಲ, ಒಂದೇ ಋತುವೂ ಇಲ್ಲ. ಅನುದಾನ ಬಂದಾಗ ಹುದ್ದೆ ಹುಟ್ಟುತ್ತದೆ. ಎಷ್ಟೋ ಸಲ ಅದರ ಸುದ್ದಿ ಮೊದಲು ಹರಡುವುದು ಸಮ್ಮೇಳನಗಳ ಚಹಾ ವಿರಾಮದಲ್ಲಿ. ಸಮ್ಮೇಳನಕ್ಕೆ ಹೋಗಲು ಹಣವಿಲ್ಲದವನಿಗೆ ಸುದ್ದಿಯೂ ಇಲ್ಲ. ಆದ್ದರಿಂದ ಹುಡುಕುವ ಮೊದಲು ನಿಮ್ಮ ವಿಷಯದ ಸಂತೆ ಎಂಥದು, ಯಾವಾಗ ನೆರೆಯುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಸೈದ್ಧಾಂತಿಕ ಖಭೌತವಿಜ್ಞಾನದ ಗೆಳೆಯ ಹೇಳಿದ ದಾರಿ ತೆಳುಪದರಗಳ ಮೇಲೆ ಕೆಲಸ ಮಾಡಿದ ನಿಮಗೆ ಹೊಂದದು.

ವಯಸ್ಸು ಎಂಬ ಅಳತೆಗೋಲು

ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಸಂಶೋಧನಾ ಮಂಡಳಿ ರೂಪಿಸಿದ ನಿಯಮದಲ್ಲಿ ವಯೋಮಿತಿ 35. ಪರಿಶಿಷ್ಟ ಜಾತಿ ಪಂಗಡಗಳವರು, ಹಿಂದುಳಿದ ವರ್ಗದವರು, ಮಹಿಳೆಯರು ಮತ್ತು ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಹಂಬೋಲ್ಟ್ ಫೆಲೋಶಿಪ್ ಎಣಿಸುವುದು ವಯಸ್ಸನ್ನಲ್ಲ, ಡಾಕ್ಟರೇಟ್ ಬಂದು ಎಷ್ಟು ವರ್ಷವಾಯಿತು ಎಂಬುದನ್ನು. ಪೋಸ್ಟ್‌ಡಾಕ್ ಹಂತಕ್ಕೆ ಮಿತಿ ನಾಲ್ಕು ವರ್ಷ. ಮೇರಿ ಕ್ಯೂರಿ ಫೆಲೋಶಿಪ್‌ನಲ್ಲಿ 2021ರಿಂದ ಡಾಕ್ಟರೇಟ್ ನಂತರದ ಸಂಶೋಧನಾ ಅನುಭವ ಎಂಟು ವರ್ಷ ಮೀರಬಾರದು. ಮಗುವಿನ ಪಾಲನೆಗಾಗಿ ಸಂಶೋಧನೆಯಿಂದ ದೂರ ಉಳಿದ ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಎರಡು ಅಳತೆಗಳ ನಡುವೆ ಬಹಳ ಅಂತರವಿದೆ. ಎಂ.ಎಸ್ಸಿ. ಆದ ಮೇಲೆ ನಾಲ್ಕಾರು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಮನೆಯ ಸಾಲ ತೀರಿಸಿ, ಅನಂತರ ಸಂಶೋಧನೆಗೆ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರು ಪಿಎಚ್.ಡಿ. ಪಡೆದ ದಿನ ಸಂಶೋಧಕರಾಗಿ ಎಳೆಯರೇ. ಆದರೆ ಜನ್ಮದಿನಾಂಕ ಅವರನ್ನು ಹೊರಗಿಡುತ್ತದೆ. ಸಂಶೋಧನೆಯಲ್ಲಿನ ವಯಸ್ಸನ್ನು ಅಳೆಯಬೇಕೇ ಹೊರತು ದೇಹದ ವಯಸ್ಸನ್ನಲ್ಲ.

ನಮ್ಮ ವಿಶ್ವವಿದ್ಯಾಲಯಗಳು ಇದಕ್ಕೆ ಇನ್ನಷ್ಟು ವಿಳಂಬವನ್ನು ಸೇರಿಸುತ್ತವೆ. ಪ್ರಬಂಧ ಸಲ್ಲಿಸಿದ ಆರು ತಿಂಗಳೊಳಗೆ ವೈವಾ ಫಲಿತಾಂಶದವರೆಗಿನ ಎಲ್ಲ ಪ್ರಕ್ರಿಯೆ ಮುಗಿಯಬೇಕು ಎಂದು ಅನುದಾನ ಆಯೋಗದ 2022ರ ಪಿಎಚ್.ಡಿ. ನಿಯಮಾವಳಿ ಹೇಳುತ್ತದೆ. ಪರೀಕ್ಷಕರ ವರದಿಗಾಗಿ ಅದಕ್ಕಿಂತ ಹೆಚ್ಚು ಕಾಲ ಕಾದವರನ್ನು ಪ್ರತಿಯೊಬ್ಬ ಅಧ್ಯಾಪಕನೂ ಬಲ್ಲ. ಆ ತಡದ ಬೆಲೆಯನ್ನು ತೆರುವುದು ಕಚೇರಿಯಲ್ಲ, ವಯೋಮಿತಿಯ ಅಂಚಿನಲ್ಲಿ ನಿಂತ ಅಭ್ಯರ್ಥಿ.

ವರ್ಷಕ್ಕೆ ಎರಡು ಅಂಕ

ಇಷ್ಟೆಲ್ಲ ದಾಟಿ ಪೋಸ್ಟ್‌ಡಾಕ್ ಮುಗಿಸಿ ಬಂದವರನ್ನು ನಮ್ಮ ವಿಶ್ವವಿದ್ಯಾಲಯಗಳು ಹೇಗೆ ಎದುರುಗೊಳ್ಳುತ್ತವೆ? ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಕರೆಯಲು ಅಂಕಗಳ ಪಟ್ಟಿಯೊಂದಿದೆ. ಅದರಲ್ಲಿ ಪಿಎಚ್.ಡಿ.ಗೆ 30 ಅಂಕ. ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ಅಂಕ, ಹೆಚ್ಚೆಂದರೆ 10. ಕಾಲೇಜಿನಲ್ಲಿ ಪಾಠ ಹೇಳಿದ ವರ್ಷಕ್ಕೂ ಉತ್ತಮ ಪ್ರಯೋಗಾಲಯವೊಂದರಲ್ಲಿ ಹೊಸ ಸಮಸ್ಯೆಯನ್ನು ಬಿಡಿಸಿದ ವರ್ಷಕ್ಕೂ ಒಂದೇ ಬೆಲೆ. ಸಂಶೋಧನಾ ಪ್ರಕಟಣೆಗಳಿಗೆ ಬೇರೆ 10 ಅಂಕಗಳಿವೆ, ನಿಜ. ಆದರೆ ಪಿಎಚ್.ಡಿ. ಕಾಲದ ಲೇಖನಗಳಲ್ಲೇ ಆ ಮಿತಿ ತುಂಬಿಹೋದವರಿಗೆ ಅನಂತರ ಬರೆದದ್ದೆಲ್ಲ ಲೆಕ್ಕಕ್ಕಿಲ್ಲ.

ಬೋಧನೆ ಕಡಿಮೆ ಬೆಲೆಯದು ಎಂದು ನನ್ನ ವಾದವಲ್ಲ. ಎರಡೂ ಬೇರೆ ಬೇರೆ ಗುಣಗಳು. ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ. 2023ರ ಜುಲೈಯಿಂದ ಜಾರಿಗೆ ಬಂದ ತಿದ್ದುಪಡಿ ಈ ಹುದ್ದೆಗೆ ಎನ್‌ಇಟಿ, ಸೆಟ್ ಅಥವಾ ಸ್ಲೆಟ್ ಅನ್ನು ಕನಿಷ್ಠ ಅರ್ಹತೆಯನ್ನಾಗಿಸಿ ಪಿಎಚ್.ಡಿ.ಯನ್ನು ಐಚ್ಛಿಕವಾಗಿಸಿತು. ಬಡ ವಿದ್ಯಾರ್ಥಿಗೆ ಬೇಗ ಕೆಲಸ ಸಿಗುವ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇರಬಹುದು. ಆದರೆ ಮುಂದೆ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಬೇಕಾದ ವಿಭಾಗದಲ್ಲಿ ಸ್ವತಂತ್ರ ಸಂಶೋಧನೆಯ ಅನುಭವಕ್ಕೆ ವರ್ಷಕ್ಕೆ ಎರಡೇ ಅಂಕ ಎಂದರೆ, ಅದನ್ನು ಕಂಡ ವಿದ್ಯಾರ್ಥಿ ಪೋಸ್ಟ್‌ಡಾಕ್ ಬೇಡ ಎಂದು ತೀರ್ಮಾನಿಸಿದರೆ ತಪ್ಪು ಹೇಗಾದೀತು?

ನೀವು ಬರೆಯುವ ಪತ್ರ, ನಿಮಗಾಗಿ ಬರೆಯುವ ಪತ್ರ

ವಿಮರ್ಶೆ ಅಭ್ಯರ್ಥಿಗಳಿಗೂ ಸಲ್ಲಬೇಕು. ಮಾನ್ಯ ಪ್ರಾಧ್ಯಾಪಕರೇ, ನಿಮ್ಮ ಗೌರವಾನ್ವಿತ ಪ್ರಯೋಗಾಲಯದಲ್ಲಿ ಅವಕಾಶ ನೀಡಿ ಎಂದು ಇನ್ನೂರು ಜನರಿಗೆ ಒಂದೇ ಇ-ಮೇಲ್ ಕಳಿಸುವ ಪದ್ಧತಿ ನಮ್ಮಲ್ಲಿದೆ. ಅಂಥ ಪತ್ರ ಓದದೆಯೇ ಅಳಿಸಿಹೋಗುತ್ತದೆ. ಹತ್ತು ಜನರನ್ನು ಆರಿಸಿ. 1991ರಲ್ಲಿ ಆರಂಭವಾದ ಆರ್ಕೈವ್ ಜಾಲಭಂಡಾರದಲ್ಲಿ ಭೌತವಿಜ್ಞಾನದ ಲೇಖನಗಳು ಉಚಿತವಾಗಿ ಸಿಗುತ್ತವೆ. ಅವರ ಇತ್ತೀಚಿನ ಎರಡು ಲೇಖನಗಳನ್ನಾದರೂ ಓದಿ. ಪತ್ರ ಒಂದು ಪುಟ ಮೀರದಿರಲಿ. ನಿಮ್ಮ ಪ್ರಬಂಧದ ಫಲಿತಾಂಶ ಎರಡು ವಾಕ್ಯಗಳಲ್ಲಿ, ಅವರ ಕೆಲಸದಲ್ಲಿ ನಿಮಗೆ ಕಂಡ ಒಂದು ಪ್ರಶ್ನೆ, ನಿಮ್ಮ ಕೈಗೆ ಬರುವ ಉಪಕರಣ ಅಥವಾ ಗಣನ ವಿಧಾನ, ನೀವು ಯಾವಾಗ ಬಿಡುವಾಗುತ್ತೀರಿ, ಯಾವ ಫೆಲೋಶಿಪ್‌ಗೆ ಅರ್ಜಿ ಹಾಕುವ ಉದ್ದೇಶವಿದೆ, ಇಷ್ಟು ಸಾಕು. ಪ್ರಬಂಧ ಸಲ್ಲಿಸುವುದಕ್ಕೆ ಒಂದು ವರ್ಷ ಮೊದಲೇ ಇದನ್ನು ಆರಂಭಿಸಿ. ಪದವಿ ಕೈಗೆ ಬಂದಿಲ್ಲ ಎಂದು ಹಿಂಜರಿಯಬೇಡಿ. ನ್ಯಾಷನಲ್ ಪೋಸ್ಟ್‌ಡಾಕ್‌ಗೆ ಮಂಡಳಿ ರೂಪಿಸಿದ ನಿಯಮದಲ್ಲಿ ಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರಿಗೂ ಅವಕಾಶವಿತ್ತು; ಪದವಿ ಬರುವವರೆಗೆ ವೇತನ ಕಡಿಮೆ, ಅಷ್ಟೆ. ಪ್ರತಿ ವರ್ಷದ ನಿಯಮವನ್ನು ಮಾತ್ರ ಹೊಸದಾಗಿ ಓದಿಕೊಳ್ಳಿ.

ಇನ್ನು ಶಿಫಾರಸು ಪತ್ರ. ವಿದೇಶೀ ಅರ್ಜಿಗಳಲ್ಲಿ ಎರಡು ಮೂರು ಶಿಫಾರಸು ಪತ್ರಗಳಿಗೆ ಬಹಳ ತೂಕ. ಅಲ್ಲಿ ನಿರೀಕ್ಷಿಸುವುದು ಈ ವಿದ್ಯಾರ್ಥಿ ಯಾವ ತೊಡಕನ್ನು ತಾನೇ ಬಿಡಿಸಿದ, ಎಲ್ಲಿ ಇನ್ನೂ ಬೆಳೆಯಬೇಕು ಎಂಬ ವಿವರಣೆಯನ್ನು. ನಮ್ಮಲ್ಲಿ ಅನೇಕ ಮಾರ್ಗದರ್ಶಕರು ಬರೆಯುವುದು ಸನ್ನಡತೆಯ ಪ್ರಮಾಣಪತ್ರ: ಪರಿಶ್ರಮಿ, ವಿಧೇಯ, ಉಜ್ವಲ ಭವಿಷ್ಯ ಉಳ್ಳವನು. ಇನ್ನೂ ಕೆಲವರು ನೀನೇ ಬರೆದು ತಾ, ಸಹಿ ಹಾಕುತ್ತೇನೆ ಎನ್ನುತ್ತಾರೆ. ಐದು ವರ್ಷ ಜೊತೆಗೆ ದುಡಿದ ವಿದ್ಯಾರ್ಥಿಗೆ ಮಾಡುವ ಅನ್ಯಾಯ ಇದಕ್ಕಿಂತ ಬೇರೆ ಬೇಕಿಲ್ಲ. ಈ ಒಂದು ಕೆಲಸಕ್ಕೆ ಅನುದಾನವೂ ಬೇಡ, ಕುಲಸಚಿವರ ಅನುಮತಿಯೂ ಬೇಡ.

ಹಣವಿಲ್ಲದೆ ಆಗುವ ಸುಧಾರಣೆಗಳು

ಹುದ್ದೆಗಳ ಸಂಖ್ಯೆ ಹೆಚ್ಚಿಸುವುದು ಸರ್ಕಾರದ ಕೈಯಲ್ಲಿದೆ. ಮಾಹಿತಿಯ ಬಾಗಿಲು ತೆರೆಯುವುದು ವಿಭಾಗಗಳ ಕೈಯಲ್ಲೇ ಇದೆ. ಪ್ರತಿ ಪ್ರಕಟಣೆಯ ಜೊತೆ ಅರ್ಧ ಪುಟದ ವೈಜ್ಞಾನಿಕ ವಿವರಣೆ ಇರಲಿ. ಉಳಿದ ಅವಧಿಯನ್ನು ಸ್ಪಷ್ಟವಾಗಿ ಹೇಳಲಿ. ಮೊದಲ ಸುತ್ತಿನ ಸಂದರ್ಶನ ವಿಡಿಯೊ ಮೂಲಕ ನಡೆಯಲಿ. ಫೆಲೋಶಿಪ್‌ಗಳ ತಿಂಗಳುವಾರು ಪಟ್ಟಿಯೊಂದನ್ನು ವಿಭಾಗದ ಸೂಚನಾ ಫಲಕದಲ್ಲಿ ಹಾಕಲಿ. ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೊಡನೆ ಮುಂದಿನ ದಾರಿಯ ಬಗ್ಗೆ ಒಂದು ಗಂಟೆ ಮಾತನಾಡುವುದು ಮಾರ್ಗದರ್ಶಕರ ಕರ್ತವ್ಯಗಳಲ್ಲಿ ಒಂದಾಗಲಿ. ಹಿಂದೆ ಪೋಸ್ಟ್‌ಡಾಕ್‌ಗೆ ಹೋದ ಹಳೆಯ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಕರೆಸಿ, ಅವರು ಬರೆದ ಅರ್ಜಿಗಳನ್ನು ಕಿರಿಯರಿಗೆ ತೋರಿಸಲಿ. ಗೆದ್ದವನ್ನಷ್ಟೇ ಅಲ್ಲ, ತಿರಸ್ಕೃತವಾದವನ್ನೂ.

ಪಿಎಚ್.ಡಿ. ನಂತರ ಎಲ್ಲರೂ ಪೋಸ್ಟ್‌ಡಾಕ್ ಮಾಡಲೇಬೇಕೆಂದಿಲ್ಲ. ಬೇಡವೆಂದು ನಿರ್ಧರಿಸುವ ಹಕ್ಕು ವಿದ್ಯಾರ್ಥಿಗಿದೆ. ಆದರೆ ಆ ನಿರ್ಧಾರ ತಿಳಿದು ಮಾಡಿದ್ದಾಗಿರಬೇಕು, ತಿಳಿಯದೆ ಆದದ್ದಾಗಬಾರದು. ಧಾರವಾಡದ ಅಥವಾ ಶಂಕರಘಟ್ಟದ ಸಂಶೋಧನಾರ್ಥಿ ಮೂರನೆಯ ವರ್ಷದಲ್ಲೇ ಮೊದಲ ಪತ್ರ ಬರೆಯುವಂತಾದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಅವರ ವಿಜ್ಞಾನದ ಗುಣಮಟ್ಟಕ್ಕೆ ಬಿಟ್ಟದ್ದು. ಸ್ಪರ್ಧೆ ನಡೆಯಬೇಕಾದದ್ದು ಅಲ್ಲಿಯೇ.